ರೈಟ್ ಆಫ್ ಆದ ಕಾಲುಗಳು

ಫೆಬ್ರವರಿ ೩

ನಾದಿನಿಗೆ,

ನಾನು ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಹೂಂ, ಊಟ ಆಯ್ತಾ, ಆಯ್ತು" ಎಂದು ಹೇಳಿ ಇಟ್ಟುಬಿಡುತ್ತೇವೆ. ನಿನ್ನ ಅಣ್ಣ ಹೋದ ಮೇಲೆ ಪ್ರತಿ ಸಲವೂ ಹಾಗೇ ಆಯಿತು. ದಿನಾ ಸಂಜೆ ಡೈರಿಯಲ್ಲಿ ಎರಡು ಸಾಲು ಗೀಚುವ ಅಭ್ಯಾಸ ನನಗಿದೆ. ಪೆನ್ನು ಹಿಡಿದರೆ ಮಾತ್ರ ನನಗೆ ಮಾತು ಬರುತ್ತದೆ. ಅದಕ್ಕೇ ಈ ಕಾಗದ.

ವಿಷಯ ಅಂಗಡಿಯದು. ಪಕ್ಕದ ಔಷಧಿ ಅಂಗಡಿಯವನು ನಮ್ಮ ಬೂಟಿನ ಅಂಗಡಿಯನ್ನು ಕೊಂಡುಕೊಳ್ಳುತ್ತಾನಂತೆ. ನಡುವಿನ ಗೋಡೆ ಒಡೆದು ತನ್ನ ಅಂಗಡಿಯನ್ನು ಅಗಲ ಮಾಡುವ ಯೋಚನೆ ಅವನದು. ಮಾವನವರು ನಮ್ಮ ಅಂಗಡಿಯನ್ನು ಅಣ್ಣ ತಂಗಿ ಇಬ್ಬರ ಹೆಸರಿಗೂ ಮಾಡಿಟ್ಟು ಹೋಗಿರುವುದರಿಂದ ನಿನ್ನ ಒಪ್ಪಿಗೆ ಇಲ್ಲದೆ ಏನೂ ಆಗುವುದಿಲ್ಲ. ಜೂನ್ ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

ಹೋದ ವಾರ ಅವನು ಬೆಲೆ ಕಟ್ಟುವವರೊಬ್ಬರನ್ನು ಕರೆತಂದಿದ್ದ. ಟೈ ಕಟ್ಟಿದ್ದ ಮನುಷ್ಯ. ಬಹಳ ಮರ್ಯಾದೆಯವರು, ಹೊಸಿಲ ಹತ್ತಿರವೇ ಬೂಟು ಕಳಚಿಟ್ಟು ಒಳಗೆ ಬಂದರು. "ಬೂಟಿನ ಅಂಗಡಿಗೆ ಬೂಟು ಬಿಚ್ಚಿ ಬಂದ್ರಲ್ಲ ಸ್ವಾಮಿ" ಅಂದೆ. ನಾಚಿಕೊಂಡರು. ಹೊಲಿಗೆ ಯಂತ್ರ, ಮೇಜು, ಚರ್ಮದ ಸುರುಳಿ, ಎಲ್ಲದರ ಮುಂದೆಯೂ ಒಂದೊಂದು ಇಂಗ್ಲಿಷ್ ಪದ ಬರೆದುಕೊಂಡರು. ಕೊನೆಗೆ ಗೋಡೆಯುದ್ದದ ಕಪಾಟಿನ ಮುಂದೆ ನಿಂತರು. ಅಲ್ಲಿರುವುದು ಊರಿನವರ ಕಾಲುಗಳು. ನಿನ್ನ ಅಣ್ಣ ಒಬ್ಬೊಬ್ಬ ಗಿರಾಕಿಯ ಪಾದದ ಅಳತೆಗೆ ಮರದಲ್ಲಿ ಕೆತ್ತಿಟ್ಟ ಅಚ್ಚುಗಳು. ಅವರು ಒಂದನ್ನು ಎತ್ತಿ, ತಿರುಗಿಸಿ ನೋಡಿ, "ಇದೆಲ್ಲ ರೈಟ್ ಆಫ್ ಅಮ್ಮಾ" ಅಂದರು. ಹಾಗಂದರೇನು ಎಂದು ನಾನು ಕೇಳುವಷ್ಟರಲ್ಲಿ ಔಷಧಿ ಅಂಗಡಿಯವನು ಬಾಯಿ ಹಾಕಿದ. "ಒಲೆಗೆ ಅಂತ ಅಕ್ಕಾ."

ನಾನು ಓದಿದ್ದು ಏಳನೇ ಕ್ಲಾಸು. ನೀನು ಇಂಥದೇ ಬೆಲೆ ಕಟ್ಟುವ ಕಚೇರಿಯಲ್ಲಿ ಕೆಲಸ ಮಾಡುವವಳು. ಆ ಪದದ ಅರ್ಥ ನಿಜವಾಗಿ ಅಷ್ಟೇನಾ? ಬಿಡುವಾದಾಗ ಬರೆ.

ನಿನ್ನ ಅತ್ತಿಗೆ


ಫೆಬ್ರವರಿ ೧೪

ಅತ್ತಿಗೆಯವರಿಗೆ,

ನಿಮ್ಮ ಕಾಗದ ಬಂತು. ಕಚೇರಿಯಲ್ಲಿ ಕೆಲಸ ಜಾಸ್ತಿ ಇದ್ದುದರಿಂದ ಉತ್ತರ ತಡವಾಯಿತು.

ನಮ್ಮ ಕೆಲಸ ಏನೆಂದು ಹೇಳಿದರೆ ಪದಗಳು ತಾವಾಗಿಯೇ ಅರ್ಥವಾಗುತ್ತವೆ. ಯಾರೋ ಅಂಗಡಿ ಮುಚ್ಚುತ್ತಾರೆ, ಯಾರೋ ಮನೆ ಖಾಲಿ ಮಾಡುತ್ತಾರೆ. ನಾವು ಟೇಪು ಹಿಡಿದು ಹೋಗಿ ಅಲ್ಲಿರುವ ಸಾಮಾನಿಗೆಲ್ಲ ಒಂದೊಂದು ಚೀಟಿ ಅಂಟಿಸಿ ಬರುತ್ತೇವೆ. ಬಾಗಿಲಲ್ಲೇ ನಿಂತು ಕಣ್ಣಳತೆಯಲ್ಲಿ ಹೇಳಿದರೆ ಅದು ಎಸ್ಟಿಮೇಟ್. ಒಳಗೆ ಹೋಗಿ, ಮುಟ್ಟಿ, ಕೆಳಗೆ ಬಗ್ಗಿ, ಹುಳ ಹಿಡಿದಿದೆಯೇ ಎಂದು ನೋಡಿ ಹೇಳಿದರೆ ಅಸೆಸ್. ಅದನ್ನೇ ಆ ವಸ್ತುವನ್ನು ಚೆನ್ನಾಗಿ ಬಲ್ಲವರು ಸಹಿ ಹಾಕಿ ಹೇಳಿದರೆ ಅಪ್ರೈಸ್. ಏನೂ ಮಾಡದೆ ಸುಮ್ಮನೆ ಇಟ್ಟರೂ ವಸ್ತುವಿನ ಬೆಲೆ ವರ್ಷ ವರ್ಷ ಇಳಿಯುತ್ತದಲ್ಲ, ಅದಕ್ಕೆ ಡಿಪ್ರಿಸಿಯೇಷನ್ ಎನ್ನುತ್ತಾರೆ. ರೈಟ್ ಆಫ್ ಎಂದರೆ ಒಲೆಗೆ ಎಂದೇನೂ ಅಲ್ಲ. ವಸ್ತು ಕಣ್ಣೆದುರು ಇದೆ, ಆದರೆ ಲೆಕ್ಕದಲ್ಲಿ ಇಲ್ಲ. ಅಷ್ಟೇ.

ಆ ಮನುಷ್ಯರು ಬರೆದದ್ದು ಸರಿಯಾಗಿಯೇ ಇದೆ. ಬೇರೆಯವರ ಕಾಲಿನ ಅಚ್ಚನ್ನು ಯಾರು ಕೊಳ್ಳುತ್ತಾರೆ? ಮಾರಿಬಿಡಿ. ನಿಮಗೂ ನಿರಾಳ. ಔಷಧಿ ಅಂಗಡಿಯವರಿಂದ ಒಪ್ಪಿಗೆಯ ಕಾಗದ ತರಿಸಿ ಕಳಿಸಿ, ಬಂದ ದಿನವೇ ಸಹಿ ಹಾಕಿ ಕಳಿಸುತ್ತೇನೆ.

ನಾನು ಚೆನ್ನಾಗಿದ್ದೇನೆ. ರೂಮಿನಲ್ಲಿ ಒಬ್ಬ ಗೆಳತಿ ಇದ್ದಾಳೆ, ಬೇಜಾರಿಲ್ಲ. ಕಚೇರಿಗೆ ನಡೆದೇ ಹೋಗುತ್ತೇನೆ.

ಇಂತಿ ನಿಮ್ಮ ನಾದಿನಿ


ಮಾರ್ಚ್ ೧

ನಾದಿನಿಗೆ,

ಔಷಧಿ ಅಂಗಡಿಯವನ ಒಪ್ಪಿಗೆ ಕಾಗದ ಇದರ ಜೊತೆಗಿದೆ. ಬಹಳ ದೊಡ್ಡ ಹಾಳೆ, ನಾಲ್ಕು ಮಡಿಕೆ ಮಾಡಿದರೂ ಲಕೋಟೆಗೆ ಹಿಡಿಸಲಿಲ್ಲ, ಇನ್ನೊಂದು ಮಡಿಕೆ ಮಾಡಿ ತುರುಕಿದೆ. ಗಟ್ಟಿ ಕಾಗದ. ಅವನ ಮಾತಿಗಿಂತ ಗಟ್ಟಿ.

ನಿನ್ನ ಪದಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೆ. ಈಗ ಎಲ್ಲಿ ನೋಡಿದರೂ ಅವೇ ಕಾಣುತ್ತವೆ. ಮೊನ್ನೆ ಸುತ್ತಿಗೆ ತಾತ ಬಂದಿದ್ದರು. ಅವರೇ, ಮಾವನವರ ಜೊತೆ ಕೆಲಸ ಮಾಡುತ್ತಿದ್ದವರು, ಕೈ ನಡುಗುತ್ತದೆಂದು ಮನೆಯಲ್ಲೇ ಇರುವವರು. ಕುರ್ಚಿಯಿಂದ ಏಳುವಾಗ "ಅಯ್ಯಯ್ಯೋ ಮಂಡಿ" ಅಂದರು. "ಡಿಪ್ರಿಸಿಯೇಷನ್ ತಾತ" ಅಂದೆ. "ಡಾಕ್ಟರು ಬೇರೆ ಏನೋ ಹೆಸರು ಹೇಳಿದ್ರಲ್ಲ" ಅಂದರು. ತಿಂಗಳುಗಳಾದ ಮೇಲೆ ಮೊದಲ ಸಲ ನಕ್ಕೆ. ನಕ್ಕಮೇಲೆ ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದೆ.

ಟೀಚರಮ್ಮನೂ ಬಂದಿದ್ದರು. ನಿನ್ನ ಅಣ್ಣ ಮೇಜಿನ ಮುಂದೆ ಕುಳಿತಲ್ಲೇ ಒರಗಿದಾಗ ಕೈಯಲ್ಲಿ ಇದ್ದದ್ದು ಅವರದೇ ಜೋಡಿ. ಎಡಗಾಲಿನದು ಮುಗಿದಿತ್ತು. ಬಲಗಾಲಿನದು ಇನ್ನೂ ಅಚ್ಚಿನ ಮೇಲೇ ಇದೆ, ಮೊಳೆ ಹೊಡೆದದ್ದು ಹೊಡೆದ ಹಾಗೆ. "ಒಂದು ಕಾಲು ಹೊಸದು, ಒಂದು ಕಾಲು ಹಳೇದು ಹಾಕ್ಕೊಂಡು ಕ್ಲಾಸಿಗೆ ಹೋಗ್ಲೇನಮ್ಮ?" ಎಂದು ತಮಾಷೆ ಮಾಡಿದರು. ಅವರ ಹೆಬ್ಬೆರಳಿನ ಗಂಟು ನಿನಗೂ ಗೊತ್ತಲ್ಲ. ಪೇಟೆಯ ಯಾವ ಬೂಟೂ ಅವರಿಗೆ ಆಗುವುದಿಲ್ಲ. ಹೋಗುವಾಗ ಕಪಾಟಿನ ಕಡೆ ನೋಡಿ, "ನನ್ನ ಕಾಲು ಒಲೆಗೆ ಹೋಗೋ ಮುಂಚೆ ನನಗೊಂದು ಮಾತು ಹೇಳು" ಅಂದರು. ಅದು ತಮಾಷೆ ಆಗಿರಲಿಲ್ಲ.

ಕಪಾಟಿನ ನಡುವಿನ ಸಾಲು ನಿನ್ನದು. ಎರಡು ವರ್ಷದ ಮಗುವಿನ ಪಾದದಿಂದ ಹಿಡಿದು ನೀನು ಊರು ಬಿಡುವವರೆಗಿನದು, ಎಲ್ಲ ಎಡಗಾಲೂ ಒಳಕ್ಕೆ ಸ್ವಲ್ಪ ತಿರುಗಿಕೊಂಡವು. ಮೊದಲಿನವು ಮಾವನವರ ಕೈ, ಆಮೇಲಿನವು ನಿನ್ನ ಅಣ್ಣನ ಕೈ. ನೀನು ಅವುಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಇರಲಿ, ನಿನಗೂ ಕೆಲಸ ಜಾಸ್ತಿ.

ಅತ್ತಿಗೆ


ಮಾರ್ಚ್ ೧೯

ಅತ್ತಿಗೆಯವರಿಗೆ,

ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಇನ್ನು ನಿಮ್ಮ ಇಷ್ಟ ಬಂದ ದಿನ ಕೊಡಬಹುದು.

ನಿಮಗೆ ಮಾರುವ ಮನಸ್ಸಿದೆ, ನಾನು ಬೇಸರ ಮಾಡಿಕೊಳ್ಳುತ್ತೇನೆಂದು ಸುತ್ತಿ ಬಳಸಿ ಕೇಳುತ್ತಿದ್ದೀರಿ ಎಂದು ನನಗೆ ಅನ್ನಿಸಿತು. ಸುತ್ತಿ ಬಳಸುವುದು ಬೇಡ. ನನ್ನ ಸಾಲಿನ ಅಚ್ಚುಗಳನ್ನು ಮೊದಲು ಒಲೆಗೆ ಹಾಕಿ. ಇಲ್ಲಿ ದೊಡ್ಡ ದೊಡ್ಡ ಅಂಗಡಿಗಳಿವೆ, ನನಗೆ ಬೇಕಾದ ಬೂಟು ಇಲ್ಲೇ ಸಿಗುತ್ತದೆ.

ಪದಗಳನ್ನು ಬರೆದಿಟ್ಟುಕೊಳ್ಳುತ್ತೀರಿ ಎಂದಿರಿ. ಇನ್ನೊಂದು ಬರೆದುಕೊಳ್ಳಿ. ಅಂಡರ್ ಎಸ್ಟಿಮೇಟ್. ಇರುವ ಬೆಲೆಗಿಂತ ಕಡಿಮೆ ಕಟ್ಟುವುದು. ನಾನು ಈ ಕೆಲಸ ಸಿಕ್ಕಿತೆಂದು ಹೇಳಲು ಅಂಗಡಿಗೆ ಓಡಿ ಬಂದ ದಿನ ನೀವು ಒಳಗೆ ಹೊಲಿಯುತ್ತಾ ಕುಳಿತಿದ್ದಿರಿ, ನಿಮಗೂ ಕೇಳಿಸಿರಬೇಕು. ಅಣ್ಣ ತಲೆ ಎತ್ತದೆ ಹೇಳಿದ. "ಆ ಕಾಲಿಟ್ಕೊಂಡು ಎಷ್ಟು ದೂರ ಹೋಗ್ತೀಯ?" ಅವನು ಮಾಡಿಕೊಟ್ಟ ಜೋಡಿಯನ್ನು ಹೊಸಿಲಲ್ಲೇ ಬಿಟ್ಟು, ಪೇಟೆಯಲ್ಲಿ ಸಿಕ್ಕ ಒಂದು ಜೋಡಿ ಹಾಕಿಕೊಂಡು ಬಂದವಳು ನಾನು. ಎಷ್ಟು ದೂರ ಬಂದೆ ಎಂದು ಅವನು ಆಮೇಲೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ. ಆರೋಗ್ಯ ನೋಡಿಕೊಳ್ಳಿ.

ನಾದಿನಿ


ಏಪ್ರಿಲ್ ೨೨

ಮರಿ,

ನಿನ್ನ ಅಣ್ಣ ಕರೆಯುತ್ತಿದ್ದ ಹೆಸರಿನಿಂದ ಕರೆದಿದ್ದೇನೆ. ಬೇಡವಾದರೆ ಹೇಳು.

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಮೊದಲು ಸಿಟ್ಟು ಬಂತು. ಅಣ್ಣನ ಕೈಕೆಲಸವನ್ನು ಒಲೆಗೆ ಹಾಕು ಅನ್ನುತ್ತಾಳಲ್ಲ, ಇವಳಿಗೆ ಹೃದಯ ಇದೆಯೋ ಇಲ್ಲವೋ ಎಂದು ಡೈರಿಯಲ್ಲಿ ಬರೆದೆ. ಮಾರನೆಯ ದಿನ ಅದೇ ಸಾಲನ್ನು ಓದಿದೆ. ಬಾಗಿಲಲ್ಲೇ ನಿಂತು ಹೇಳಿದ ಮಾತಿನಂತಿತ್ತು. ಒಳಗೆ ಹೋಗಿ ನೋಡಿರಲಿಲ್ಲ.

ನೀನು ಹೇಳಿದ ದಿನ ನಾನು ಒಳಗೆ ಬೂಟಿನ ಮೇಲ್ಭಾಗದ ಚರ್ಮ ಹೊಲಿಯುತ್ತಿದ್ದೆ, ನಿಜ. ನನಗೆ ಕೇಳಿಸಿತು. ನಿನಗೆ ಕೇಳಿಸದೆ ಇದ್ದದ್ದನ್ನು ಈಗ ಹೇಳುತ್ತೇನೆ. ನೀನು ಹೋದ ಮೇಲೆ ಅವರು ಆ ಜೋಡಿಯನ್ನು ಹೊಸಿಲಿನಿಂದ ಎತ್ತಿ ಒರೆಸಿ ಮೇಜಿನ ಕೆಳಗೆ ಇಟ್ಟರು. ಪ್ರತಿ ವರ್ಷ ಕಪಾಟು ಶುಚಿ ಮಾಡುವಾಗ ನಿನ್ನ ಕೊನೆಯ ಅಚ್ಚನ್ನು ಇಳಿಸಿ, ಎಣ್ಣೆ ಸವರಿ, ಮತ್ತೆ ಅಲ್ಲೇ ಇಡುತ್ತಿದ್ದರು. ಉಳಿದವಕ್ಕೆ ಧೂಳು ಹೊಡೆಯುವುದು ಮಾತ್ರ. ಒಂದು ಸಲ ಕೇಳಿದೆ, "ಅದಕ್ಕೆ ಯಾಕ್ರೀ ಅಷ್ಟು ಉಪಚಾರ?" ಅಂದೆ. ಅವರು ಅಂದದ್ದು ಇದು.

"ಅವಳು ಅಲ್ಲಿ ದಿನಾ ಮೆಟ್ಟಿಲು ಹತ್ತಿ ಇಳಿದು ದುಡೀತಿದ್ದಾಳೆ ಕಣೇ. ಆ ಕಾಲಿಗೆ ನಾನು ತಪ್ಪು ಬೆಲೆ ಕಟ್ಟಿದೆ. ಈ ಅಳತೆ ಹಳೇದಾಯ್ತು. ಅವಳು ಬಂದು ಕಾಗದದ ಮೇಲೆ ನಿಲ್ಲದೆ ನಾನೇನೂ ಮಾಡೋ ಹಾಗಿಲ್ಲ."

ಅವರ ಕ್ರಮ ನಿನಗೆ ನೆನಪಿರಬೇಕು. ಎಷ್ಟೇ ಹಳೆಯ ಗಿರಾಕಿಯಾದರೂ ಎರಡು ಮೂರು ವರ್ಷಕ್ಕೊಮ್ಮೆ ಕರೆದು, ಬರಿಗಾಲಲ್ಲಿ ಕಂದು ಕಾಗದದ ಮೇಲೆ ನಿಲ್ಲಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಎಲ್ಲಿ ಪಾದ ಉಬ್ಬಿದೆಯೋ ಅಲ್ಲಿ ಅಚ್ಚಿಗೆ ಚರ್ಮದ ತೆಳು ಚೂರು ಅಂಟಿಸುವುದು, ಎಲ್ಲಿ ಇಳಿದಿದೆಯೋ ಅಲ್ಲಿ ಉಜ್ಜುವುದು. ಗಿರಾಕಿ "ಹೋದ ಸಲದ್ದೇ ಸಾಕು ಬಿಡಿ" ಎಂದರೆ ಕೇಳುತ್ತಿರಲಿಲ್ಲ. ಒಂದೇ ಸಲ ಅಳೆದು ಬಿಟ್ಟವನು ಕಾಲಿಗೆ ಹೊಲಿಯೋದಿಲ್ಲ, ನೆನಪಿಗೆ ಹೊಲೀತಾನೆ ಎನ್ನುತ್ತಿದ್ದರು.

"ಹಾಗಾದ್ರೆ ಅವಳಿಗೆ ಫೋನ್ ಮಾಡಿ ಬಾ ಅನ್ನಿ" ಅಂದೆ. "ನಾಳೆ" ಅಂದರು. ಅವರ ನಾಳೆ ನಿನಗೆ ಗೊತ್ತಲ್ಲ. ಅರ್ಧ ಊರು ಆ ನಾಳೆಗೆ ಕಾದು ಕಾದು ಬೂಟು ಹಾಕಿಕೊಂಡಿದೆ. ನಾನೂ ಒತ್ತಾಯ ಮಾಡಲಿಲ್ಲ. ನಾಳೆಗಳು ಬೇಕಾದಷ್ಟಿವೆ ಎಂದುಕೊಂಡಿದ್ದೆ.

ಇನ್ನೊಂದು ಸುದ್ದಿ. ಟೀಚರಮ್ಮನ ಬಲಗಾಲು ಮುಗಿಯಿತು! ಮೇಲ್ಭಾಗ ಹೊಲಿಯುವುದು ನನಗೆ ಮೊದಲಿನಿಂದ ಬರುತ್ತಿತ್ತು, ಅಚ್ಚಿನ ಮೇಲೆ ಎಳೆದು ಕೆಳಗೆ ಅಟ್ಟೆ ಕೂರಿಸುವುದು ಬರುತ್ತಿರಲಿಲ್ಲ. ಸುತ್ತಿಗೆ ತಾತ ದಿನಾ ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕುಳಿತು ಬೈಯುತ್ತಾರೆ. "ಎಳೀ, ಎಳೀ, ರೊಟ್ಟಿ ಹಿಟ್ಟಲ್ಲ ಅದು. ಚರ್ಮ. ಅದಕ್ಕೆ ನೋವಾಗಲ್ಲ, ಎಳೀ." ನಾಲ್ಕು ಸಲ ಬಿಚ್ಚಿ ಹಾಕಿದೆ. ಕೊನೆಗೆ ಟೀಚರಮ್ಮ ಎರಡನ್ನೂ ಹಾಕಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬಂದರು. "ಎಡಗಾಲು ಅವರದು, ಬಲಗಾಲು ನಿನ್ನದು ಅಂತ ಗೊತ್ತಾಗುತ್ತೆ" ಅಂದರು. ನನ್ನ ಮುಖ ಚಿಕ್ಕದಾಯಿತು. "ನಿನ್ನದು ಸ್ವಲ್ಪ ಮೆತ್ತಗಿದೆ ಕಣಮ್ಮ" ಎಂದು ಸೇರಿಸಿದರು.

ನಿನ್ನ ಸಹಿ ಇರುವ ಕಾಗದ ಮೇಜಿನ ಮೇಲಿದೆ, ಸುತ್ತಿಗೆಯನ್ನು ಅದರ ಮೇಲೆ ಇಟ್ಟಿದ್ದೇನೆ. ಔಷಧಿ ಅಂಗಡಿಯವನು ದಿನಾ ಇಣುಕುತ್ತಾನೆ. "ಅಕ್ಕಾ, ಯೋಚನೆ ಆಯ್ತಾ?" "ಆಗ್ತಾ ಇದೆ." ಎಲ್ಲವನ್ನೂ ಕೊಟ್ಟು ನನ್ನ ತಂಗಿಯ ಮನೆಯ ಮೂಲೆಯಲ್ಲಿ ಕುಳಿತುಬಿಡಬೇಕೋ, ಈ ವಯಸ್ಸಿನಲ್ಲಿ ಹೊಸದಾಗಿ ಬಾಗಿಲು ತೆರೆಯಬೇಕೋ, ನನಗೆ ಇನ್ನೂ ಗೊತ್ತಾಗಿಲ್ಲ.

ಒಂದು ಕೇಳಿಕೆ. ನಿನ್ನ ಪಾದದ ಗೆರೆ ಎಳೆದು ಕಳಿಸು. ಎರಡೂ ಪಾದ.

ಅತ್ತಿಗೆ


ಮೇ ೬

ಅತ್ತಿಗೆ,

ಕಾಗದವನ್ನು ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಓದಿದೆ. ಊಟದ ಹೊತ್ತಿನಲ್ಲಿ ಎಲ್ಲರೂ ಹತ್ತಿ ಇಳಿಯುವ ಮೆಟ್ಟಿಲು. ಒಬ್ಬರು "ಕಣ್ಣಿಗೇನಾಯ್ತು?" ಎಂದರು. "ಈರುಳ್ಳಿ" ಅಂದೆ. ಕೈಯಲ್ಲಿ ಈರುಳ್ಳಿ ಇರಲಿಲ್ಲ.

ಅಣ್ಣ ಹಾಗೆ ಹೇಳಿದ್ದ ಎಂದು ನನಗೆ ಯಾರೂ ಹೇಳಿರಲಿಲ್ಲ. ನಿಮ್ಮನ್ನು ದೂರುತ್ತಿಲ್ಲ. ಈಗ ಹೇಳಿದಿರಲ್ಲ.

ನಮ್ಮಲ್ಲಿ ಇನ್ನೊಂದು ಪದ ಇದೆ, ರೀ ಅಸೆಸ್. ಮೊದಲು ಕಟ್ಟಿದ ಬೆಲೆಯನ್ನು ಪಕ್ಕಕ್ಕಿಟ್ಟು ಮತ್ತೆ ಹೋಗಿ ಮುಟ್ಟಿ ನೋಡುವುದು. ಕಚೇರಿಯಲ್ಲಿ ಯಾರಿಗೂ ಇಷ್ಟವಿಲ್ಲದ ಕೆಲಸ. ಮೊದಲು ಹೋದವರಿಗೆ ಅವಮಾನ, ಎರಡನೇ ಸಲ ಹೋಗುವವರಿಗೆ ಸುಸ್ತು. ಅಣ್ಣ ಅದನ್ನು ಎಲ್ಲರ ಕಾಲಿಗೂ ಎರಡು ಮೂರು ವರ್ಷಕ್ಕೊಮ್ಮೆ ಮಾಡುತ್ತಿದ್ದ ಎಂದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಪಾದದ ಗೆರೆ ಕಳಿಸಿದ್ದೇನೆ. ರೂಮಿನ ಗೆಳತಿ ಎಳೆದುಕೊಟ್ಟಳು. ನನಗೆ ಬೂಟು ಬೇಕೇ ಬೇಕು ಎಂದೇನಿಲ್ಲ. ನೀವು ಕೇಳಿದಿರಿ ಎಂದು ಕಳಿಸಿದೆ.

ಮರಿ


ಮೇ ೩೧

ಮರಿ,

ಈ ಪೊಟ್ಟಣದಲ್ಲಿ ನಿನ್ನ ಜೋಡಿ ಇದೆ. ಕಪ್ಪು ಬೇಡ, ನೀನು ಚಿಕ್ಕವಳಿದ್ದಾಗಿನಿಂದ ಕಂದು ಬಣ್ಣವೇ ಕೇಳುತ್ತಿದ್ದೆ ಎಂದು ತಾತ ಹೇಳಿದರು. ಅದನ್ನು ಹೇಳಿದ ಮಾರನೆಯ ದಿನದಿಂದ ಅವರಿಗೆ ಜ್ವರ, ಈ ಸಲ ಬೈಯುವವರಿಲ್ಲದೆ ನಾನೊಬ್ಬಳೇ ಮಾಡಿದೆ. ನಿನ್ನ ಗೆರೆಯನ್ನು ಅಚ್ಚಿನ ಪಕ್ಕ ಇಟ್ಟು ಎಲ್ಲಿ ಹೆಚ್ಚೋ ಅಲ್ಲಿ ಚರ್ಮ ಅಂಟಿಸಿದೆ. ಎಡಗಾಲಿನ ಒಳಬದಿಗೆ ಅಟ್ಟೆಯನ್ನು ಸ್ವಲ್ಪ ದಪ್ಪ ಕೊಟ್ಟಿದ್ದೇನೆ, ನಿನ್ನ ಅಣ್ಣ ಕೊಡುತ್ತಿದ್ದ ಹಾಗೆ.

ಹಾಕಿಕೊಂಡು ಹೇಗಿದೆ ಬರೆ. ಇದು ಸರಿಯಾದರೆ ಔಷಧಿ ಅಂಗಡಿಯವನಿಗೆ ನಾನು ಉಹೂಂ ಅಂತೀನಿ. ನಿನ್ನ ಕಾಲಿಗೆ ಮಾಡಬಲ್ಲವಳು ಯಾರ ಕಾಲಿಗಾದರೂ ಮಾಡಬಲ್ಲಳು ಎಂದು ಮನಸ್ಸಿನಲ್ಲೇ ಪಂದ್ಯ ಕಟ್ಟಿಕೊಂಡಿದ್ದೇನೆ.

ಅತ್ತಿಗೆ


ಜೂನ್ ೯

ಅತ್ತಿಗೆ,

ಬೂಟು ಬಂತು. ಬಹಳ ಚೆನ್ನಾಗಿದೆ. ಹೊಲಿಗೆ ನೋಡಿ ಕಚೇರಿಯಲ್ಲಿ ಎಲ್ಲರೂ ಎಲ್ಲಿ ಮಾಡಿಸಿದ್ದು ಎಂದು ಕೇಳಿದರು. ನಮ್ಮ ಹಿರಿಯರೊಬ್ಬರು ತಿರುಗಿಸಿ ಮುರುಗಿಸಿ ನೋಡಿ "ಫೈನ್ ಕಂಡೀಷನ್" ಎಂದು ತೀರ್ಪು ಕೊಟ್ಟರು. ಅವರು ಹೊಸ ಕಟ್ಟಡಕ್ಕೂ ಹಾಗನ್ನುವವರಲ್ಲ.

ಸರಿಯಾಗಿ ಕೂತಿದೆ. ಈಗ ಹಾಕಿಕೊಂಡೇ ಬರೆಯುತ್ತಿದ್ದೇನೆ. ಧೈರ್ಯವಾಗಿ ಉಹೂಂ ಅನ್ನಿ. ತಾತನ ಜ್ವರ ಹೇಗಿದೆ?

ಮರಿ


ಜೂನ್ ೧೭

ಮರಿ,

ನಿನ್ನ ಕಾಗದ ಬಂದ ದಿನ ನಾನು ಅಂಗಡಿಯ ಗಾಜು ಒರೆಸಿದೆ. ಒಳಗಿನಿಂದಲೂ ಹೊರಗಿನಿಂದಲೂ. ಔಷಧಿ ಅಂಗಡಿಯವನು ಬಂದು "ಯಾಕಕ್ಕಾ ಇಷ್ಟು ಹೊಳಪು?" ಎಂದ. ಉಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಾತ ಬಂದರು, ಜ್ವರ ಬಿಟ್ಟು ಸ್ವಲ್ಪ ಇಳಿದಿದ್ದಾರೆ, ಧ್ವನಿ ಇಳಿದಿಲ್ಲ. "ಮೊದಲು ಮರಿಯ ಗೆರೆ ತೋರಿಸು" ಅಂದರು. ಕನ್ನಡಕ ಏರಿಸಿ, ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಅವರು ಬೈಯದೆ ಇದ್ದದ್ದಕ್ಕೇ ನನಗೆ ಭಯವಾಯಿತು.

"ಇಲ್ಲಿ ನೋಡು" ಅಂದರು. ಹಿಮ್ಮಡಿಯ ಹತ್ತಿರ ಗೆರೆ ಕೂಡಿಲ್ಲ. ಎಡಬದಿಯಿಂದ ಬಂದದ್ದು ಒಂದು ಕಡೆ ನಿಂತಿದೆ, ಬಲಬದಿಯಿಂದ ಬಂದದ್ದು ಇನ್ನೊಂದು ಕಡೆ. ನಾನು ಅದನ್ನು ನೋಡಿದ್ದೆ. ಕೈ ಜಾರಿದೆ ಎಂದುಕೊಂಡು ನನ್ನ ಅಂದಾಜಿನಲ್ಲೇ ಎರಡನ್ನೂ ಸೇರಿಸಿಬಿಟ್ಟಿದ್ದೆ. "ಬೆರಳುಗಳ ಹತ್ತಿರ ಎಷ್ಟು ಅಗಲ ಇದೆ ನೋಡು. ಮುಂದಕ್ಕೆ ಬಗ್ಗಿದಾಗ ಭಾರ ಎಲ್ಲ ಬೆರಳಿಗೆ ಬರುತ್ತೆ, ಪಾದ ಹರಡುತ್ತೆ. ತನ್ನ ಹಿಮ್ಮಡಿ ತನಗೆ ಎಟುಕಲ್ಲ. ಇದನ್ನ ಯಾರೂ ಎಳೆದುಕೊಟ್ಟಿಲ್ಲ ಕಣಮ್ಮ. ಅವಳೇ ಬಗ್ಗಿ ಎಳೆದುಕೊಂಡಿದ್ದಾಳೆ."

ಗಾಜು ಒರೆಸುತ್ತಿದ್ದ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟೆ. ಔಷಧಿ ಅಂಗಡಿಯವನಿಗೆ ಏನನ್ನಿಸಿತೋ, ತನ್ನ ಅಂಗಡಿಗೆ ಹೊರಟುಹೋದ.

ಮರಿ, ಆ ಬೂಟು ನಿನ್ನ ಹಿಮ್ಮಡಿಯನ್ನು ಕಚ್ಚುತ್ತಿದೆ. ಮುಂದೆ ಸಡಿಲ, ಹಿಂದೆ ಬಿಗಿ. ನೀನು ಅದನ್ನು ಹಾಕಿಕೊಂಡು ಬರೆದಿರಲಾರೆ. ಕಚೇರಿಯವರು ಹೊಗಳಿದ್ದು ನಿಜ ಇರಬಹುದು, ಅದು ಹೊರಗಿನವರ ಎಸ್ಟಿಮೇಟು. ನನ್ನನ್ನು ಖುಷಿಪಡಿಸಲು ನೋವು ತಿನ್ನಬೇಡ. ನಿನಗೆ ಬೂಟು ಸರಿಯಾಗಲಿಲ್ಲ ಎಂದರೆ ನಾನು ಒಡೆದುಹೋಗುತ್ತೇನೆ ಎಂದು ನೀನು ಲೆಕ್ಕ ಹಾಕಿದೆ. ಅಷ್ಟು ಕಡಿಮೆ ಕಟ್ಟಬೇಡ ನನಗೆ. ನಾಲ್ಕು ಸಲ ಬಿಚ್ಚಿ ಹಾಕಿದವಳು ನಾನು, ಐದನೇ ಸಲವೂ ಬಿಚ್ಚುತ್ತೇನೆ.

ರೂಮಿನ ಗೆಳತಿಯ ವಿಷಯ ನಾನು ಕೇಳುವುದಿಲ್ಲ. ಇದ್ದಿದ್ದರೆ ಗೆರೆ ಕೂಡುತ್ತಿತ್ತು. ನಾನೂ "ಕ್ಷೇಮ" ಎಂದು ಬರೆದು ಕಾಗದ ಶುರು ಮಾಡಿದವಳೇ. ನಿನ್ನ ಅಣ್ಣ ಹೋದ ಮೇಲೆ ಈ ಮನೆಯಲ್ಲಿ ನಾನು ಎರಡು ಲೋಟ ಇಟ್ಟು ಒಂದನ್ನು ಮತ್ತೆ ಎತ್ತಿಡುತ್ತೇನೆ. ದಿನಾ. ಇದನ್ನು ಡೈರಿಯಲ್ಲೂ ಬರೆದಿರಲಿಲ್ಲ.

ಈ ತಿಂಗಳ ಕೊನೆಗೆ ಔಷಧಿ ಅಂಗಡಿಯವನು ಕಡೆಯ ಮಾತು ಕೇಳಲು ಬರುತ್ತಾನೆ. ನೀನು ಸಹಿ ಹಾಕಿಕೊಟ್ಟಿದ್ದೀಯ, ತೀರ್ಮಾನ ನನ್ನದು ಎಂದಿದ್ದೀಯ. ಒಬ್ಬಳೇ ಎಳೆದ ಗೆರೆ ಹೇಗಿರುತ್ತದೆಂದು ಈಗಷ್ಟೇ ನೋಡಿದ್ದೇನೆ. ಒಬ್ಬಳೇ ಹೂಂ ಎನ್ನುವುದೂ ಬೇಡ, ಒಬ್ಬಳೇ ಉಹೂಂ ಎನ್ನುವುದೂ ಬೇಡ.

ಬಾ. ಬಂದು ನೆಟ್ಟಗೆ ನಿಂತುಕೋ. ಬಗ್ಗುವ ಕೆಲಸ ನನ್ನದು.

ಅತ್ತಿಗೆ


ಜೂನ್ ೨೪

ಅತ್ತಿಗೆ,

ಬೂಟು ಕಚ್ಚುತ್ತಿದೆ. ಎಡಗಾಲಿನ ಹಿಮ್ಮಡಿ ಸುಲಿದು ಈಗ ಹತ್ತಿ ಸುತ್ತಿಕೊಂಡಿದ್ದೇನೆ. ಪೇಟೆಯ ಬೂಟು ಇಷ್ಟು ವರ್ಷ ಮಾಡಿದ ಗಾಯದ ಮುಂದೆ ಇದು ಏನೂ ಅಲ್ಲ. ಇಲ್ಲಿ ನನ್ನ ಕಾಲಿಗೆ ಆಗುವ ಬೂಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಕ್ಕಿರಲೂ ಇಲ್ಲ. ನಡೆದು ಹೋಗುತ್ತೇನೆ ಎಂದದ್ದು ಮಾತ್ರ ನಿಜ, ನಡುನಡುವೆ ಅಂಗಡಿಗಳ ಗಾಜು ನೋಡುವವಳ ಹಾಗೆ ನಿಂತು ನಿಂತು ಹೋಗುತ್ತೇನೆ. ಈ ಬೀದಿಯ ಅಂಗಡಿಯವರೆಲ್ಲ ನನ್ನನ್ನು ಒಳ್ಳೆಯ ಗಿರಾಕಿ ಎಂದುಕೊಂಡಿದ್ದಾರೆ.

ಗೆಳತಿ ಇದ್ದಳು. ಎರಡು ವರ್ಷದ ಕೆಳಗೆ ಬೇರೆ ಊರಿಗೆ ಹೋದಳು. ಅವಳ ಮಂಚದ ಮೇಲೆ ನನ್ನ ಬಟ್ಟೆ ಒಣಗುತ್ತದೆ.

ಆದರೂ ಒಂದು ಹೇಳಬೇಕು. ಕಚ್ಚುವ ಜಾಗ ಬಿಟ್ಟರೆ ಉಳಿದೆಲ್ಲ ಕಡೆ ಅದು ನನ್ನ ಕಾಲನ್ನು ಬಲ್ಲದು. ಒಳಬದಿಯ ಆ ದಪ್ಪ ಅಟ್ಟೆಯ ಮೇಲೆ ಮೊದಲ ಹೆಜ್ಜೆ ಊರಿದಾಗ ಸೊಂಟದ ನೋವು ತಟ್ಟನೆ ನಿಂತಿತು. ಅಣ್ಣ ಹಿಂದಿನಿಂದ ತೋಳು ಹಿಡಿದ ಹಾಗಾಯಿತು. ಅದನ್ನು ಮಾಡಿದ್ದು ನೀವು. ನಮ್ಮ ಕಚೇರಿಯಲ್ಲಿ ಕೊನೆಗೆ ಸಹಿ ಹಾಕುವ ಅಧಿಕಾರ ನನಗೂ ಇದೆ. ಸಹಿ ಹಾಕಿ ಹೇಳುತ್ತಿದ್ದೇನೆ, ಅಂಗಡಿ ನಡೆಸುವ ಕೈ ನಿಮ್ಮದು.

ರಜೆ ಸಿಕ್ಕಿದೆ. ಇಪ್ಪತ್ತೆಂಟರ ಬೆಳಗಿನ ಗಾಡಿಗೆ ಹೊರಡುತ್ತೇನೆ. ಒಂದು ವಾರ ಇರುತ್ತೇನೆ. "ನೀವು ಬೇಡ ಎನ್ನುವವರೆಗೆ ಇರುತ್ತೇನೆ" ಎಂದು ಬರೆಯೋಣ ಎನ್ನಿಸಿತು, ಆದರೆ ನೀವು ಬೇಡ ಅನ್ನುವುದೇ ಇಲ್ಲ. ನಾನು ಬಿಟ್ಟುಹೋದ ಹಳೆಯ ಜೋಡಿಯನ್ನು ಮೇಜಿನ ಕೆಳಗಿನಿಂದ ತೆಗೆದಿಡಿ. ಅದು ಈಗ ಹಿಡಿಸುವುದಿಲ್ಲ, ಗೊತ್ತು. ನೋಡಬೇಕು ಅಷ್ಟೇ. ನನಗೂ ಒಂದು ಲೋಟ ತೆಗೆದಿಡಿ, ಮತ್ತೆ ಎತ್ತಿಡಬೇಡಿ.

ತಾತನಿಗೆ ಹೇಳಿ, ಬೈಗುಳ ನನಗೂ ಸ್ವಲ್ಪ ಉಳಿಸಿರಲಿ. ಟೀಚರಮ್ಮನಿಗೆ ಹೇಳಿ, ಅವರ ಕಾಲು ಎಲ್ಲಿಗೂ ಹೋಗುವುದಿಲ್ಲ.

ಗೆರೆ ಎಳೆಯಲು ಕಂದು ಕಾಗದ ತರಬೇಡಿ. ನಾನು ಸಹಿ ಹಾಕಿ ಕಳಿಸಿದ ಒಪ್ಪಿಗೆಯ ಹಾಳೆ ಸುತ್ತಿಗೆಯ ಕೆಳಗೆ ಇದೆಯಲ್ಲ? ದೊಡ್ಡದು, ಗಟ್ಟಿಯದು, ಅದರ ಹಿಂಬದಿ ಪೂರಾ ಖಾಲಿ. ನನ್ನ ಎರಡು ಪಾದಕ್ಕೂ ಸಾಕಾಗುತ್ತದೆ. ಔಷಧಿ ಅಂಗಡಿಯವರು ಕಡೆಯ ಮಾತು ಕೇಳಲು ಬರುವ ಹೊತ್ತಿಗೆ ನಾನು ಅದರ ಮೇಲೆ ನಿಂತಿರುತ್ತೇನೆ.

ಮರಿ